ಕಟ್ ಇಲ್ಲ ಸರಿ, ಕತೆ ಎಲ್ಲಿ?

ಅಕ್ಕನ ಮಗ ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಿದ್ದಾನೆ. ಹೋದ ತಿಂಗಳು ಒಂದು ಕಿರುಚಿತ್ರ ಕಳಿಸಿದ. ಹದಿನಾಲ್ಕು ನಿಮಿಷದ್ದು. ಜೊತೆಗೊಂದು ವಾಯ್ಸ್ ಮೆಸೇಜ್: "ಮಾವ, ಒಂದೂ ಕಟ್ ಇಲ್ಲ. ಪೂರ್ತಿ ಸಿಂಗಲ್ ಟೇಕ್. ನೋಡಿ ಹೇಳು." ಸಿಂಗಲ್ ಟೇಕ್ ಅಂದರೆ ಶುರುವಿನಿಂದ ಕೊನೆಯವರೆಗೆ ಕ್ಯಾಮೆರಾ ನಿಲ್ಲಿಸದೆ ತೆಗೆದಿದ್ದು.

ನೋಡಿದೆ. ಹುಡುಗನೊಬ್ಬ ಕೋಟೆಯ ಬಾಗಿಲು ದಾಟಿ ಮೇಲೆ ಹತ್ತುತ್ತಾನೆ. ಕ್ಯಾಮೆರಾ ಅವನ ಬೆನ್ನ ಹಿಂದೆಯೇ ಹೋಗುತ್ತದೆ. ಒಂದು ಬಾಗಿಲು, ಇನ್ನೊಂದು ಬಾಗಿಲು, ಮೆಟ್ಟಿಲು, ಬಂಡೆ, ಏಕನಾಥೇಶ್ವರಿ ಗುಡಿ. ಕೊನೆಗೆ ಗೋಪಾಲಸ್ವಾಮಿ ಹೊಂಡದ ಹತ್ತಿರ ಗೆಳೆಯನೊಬ್ಬ ಕೂತಿರುತ್ತಾನೆ. ಇಬ್ಬರೂ ನಾಲ್ಕು ಮಾತಾಡುತ್ತಾರೆ. ಮುಗಿಯಿತು.

ದುರ್ಗದ ಬಿಸಿಲಲ್ಲಿ ಅಷ್ಟು ಹೊತ್ತು ಫೋನ್ ಅಲುಗದ ಹಾಗೆ ಹಿಡಿದು ಹತ್ತುವುದು ತಮಾಷೆಯಲ್ಲ. ಭೇಷ್ ಅಂದೆ. ಆಮೇಲೆ ಕೇಳಿದೆ, "ಅವರಿಬ್ಬರಿಗೂ ಜಗಳ ಯಾಕೆ?" ಅಂತ. "ಕೊನೇಲಿ ಡೈಲಾಗ್‌ನಲ್ಲಿ ಬರುತ್ತಲ್ಲ ಮಾವ!" ಬಂದಿತ್ತು, ನಿಜ. ನನಗೆ ಕೇಳಿಸಿರಲಿಲ್ಲ. ಆ ಹೊತ್ತಿನಲ್ಲಿ ಇವನು ಎಲ್ಲಾದರೂ ಒಂದು ಕಟ್ ಬಚ್ಚಿಟ್ಟಿದ್ದಾನಾ ಅಂತ ನಾನು ಹುಡುಕುತ್ತಿದ್ದೆ.

ಇದು ಅವನೊಬ್ಬನ ಪಾಡಲ್ಲ. ದಾವಣಗೆರೆಯಲ್ಲಿ ಫಸ್ಟ್ ಶೋ ಬಿಟ್ಟ ಮೇಲೆ ಮಿರ್ಚಿ ಮಂಡಕ್ಕಿ ಗಾಡಿ ಮುಂದೆ ನಿಂತವರ ಮಾತು ಕೇಳಿ ನೋಡಿ. ಆ ಶಾಟ್ ನೋಡಿದ್ಯಾ, ಆ ಲೈಟಿಂಗ್ ನೋಡಿದ್ಯಾ, ಅದನ್ನ ಹೆಂಗೆ ತೆಗೆದಿರಬಹುದು. ಪಕ್ಕದಲ್ಲಿ ಮಂಡಕ್ಕಿ ಕಟ್ಟಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ಒಮ್ಮೆ "ಕತೆ ಏನಪ್ಪ ಅದರದ್ದು?" ಅಂತ ಸುಮ್ನೆ ಕೇಳಿದರು. ಮೂವರು ಹುಡುಗರು ಮೂರು ಕತೆ ಹೇಳಿದರು. ಒಂದೇ ಸಿನಿಮಾ, ಈಗ ತಾನೇ ನೋಡಿ ಬಂದಿದ್ದು!

ಸಿನಿಮಾ ನೋಡುವಾಗ ನಮ್ಮ ತಲೆಯಲ್ಲಿ ಎರಡು ಪ್ರಶ್ನೆ ಓಡುತ್ತಿರುತ್ತವೆ. ಮುಂದೇನಾಗುತ್ತೆ ಅನ್ನುವುದು ಒಂದು. ಇದನ್ನು ಹೇಗೆ ತೆಗೆದರು ಅನ್ನುವುದು ಇನ್ನೊಂದು. ಎರಡನೆಯದು ಮನೆಗೆ ಹೋಗುವ ದಾರಿಯಲ್ಲಿ ಬಂದರೆ ಅದು ನಿರ್ದೇಶಕನಿಗೆ ಸಿಕ್ಕ ಹೊಗಳಿಕೆ. ಸಿನಿಮಾ ನಡೆಯುತ್ತಿರುವಾಗಲೇ, ಅದೂ ಯಾರೋ ಅಳುತ್ತಿರುವ ದೃಶ್ಯದಲ್ಲಿ ಬಂದರೆ, ಅಲ್ಲಿ ಕತೆಗೆ ಪೆಟ್ಟು ಬಿದ್ದಿದೆ ಅಂತಲೇ ಲೆಕ್ಕ.

ಈಗೀಗ ಇದು ಜಾಸ್ತಿಯಾಗಲು ಕಾರಣ ದೂರ ಹುಡುಕಬೇಕಿಲ್ಲ. ಮೊದಲು ಕ್ಯಾಮೆರಾ ಅಲುಗದೆ ಓಡಬೇಕೆಂದರೆ ಹಳಿ ಹಾಕಬೇಕಿತ್ತು, ಟ್ರಾಲಿ ಬೇಕಿತ್ತು, ತಳ್ಳಲು ನಾಲ್ಕು ಜನ ಬೇಕಿತ್ತು. ಈಗ ಗಿಂಬಲ್ ಅನ್ನುವ, ಅಲುಗಾಟ ತಡೆಯುವ ಹಿಡಿಕೆಗೆ ಫೋನ್ ಸಿಕ್ಕಿಸಿದರೆ ಕಾಲೇಜು ಹುಡುಗನೂ ಆ ಕೆಲಸ ಮಾಡುತ್ತಾನೆ. ಆದರೆ ಇದಕ್ಕಿಂತ ದೊಡ್ಡ ಕಾರಣ ಪ್ರಚಾರ. ಕತೆಯನ್ನು ಪೋಸ್ಟರ್ ಮೇಲೆ ಹಾಕಲು ಬರುವುದಿಲ್ಲ, ಹಾಕಿದರೆ ಗುಟ್ಟು ಬಿಟ್ಟುಕೊಟ್ಟಂತೆ. ‘ಒಂದೇ ಟೇಕ್’, ‘ಮಾತೇ ಇಲ್ಲದ ಸಿನಿಮಾ’, ‘ಒಬ್ಬನೇ ನಟ’ ಅನ್ನುವುದನ್ನು ಎರಡು ಮೂರು ಪದದಲ್ಲಿ ಬರೆಯಬಹುದು. ಅರ್ಧ ನಿಮಿಷದ ಮೇಕಿಂಗ್ ವಿಡಿಯೊ ಬಿಡಬಹುದು. ಅದನ್ನು ನೋಡಿ ಬಂದವನು ಸೀಟಿನಲ್ಲಿ ಕೂರುವ ಮೊದಲೇ ಎರಡನೇ ಪ್ರಶ್ನೆ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾನೆ. ಅವನದೇನು ತಪ್ಪು? ಕರೆದಿದ್ದೇ ಅದಕ್ಕೆ ಅಲ್ವಾ?

ಸಿಂಗಲ್ ಟೇಕ್ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಹುಡುಗರಿಗೆ ಅದರ ಹುಚ್ಚು ಜಾಸ್ತಿ.

ನಮ್ಮ ದೊಡ್ಡಪ್ಪ ದಾವಣಗೆರೆಯ ಟಾಕೀಸೊಂದರಲ್ಲಿ ಬಹಳ ವರ್ಷ ಆಪರೇಟರ್ ಆಗಿದ್ದರು. ರೀಲ್ ಕಾಲ. ಒಂದು ರೀಲ್ ಸುಮಾರು ಇಪ್ಪತ್ತು ನಿಮಿಷ ಓಡುತ್ತಿತ್ತು. ಅದು ಮುಗಿಯುವ ಹೊತ್ತಿಗೆ ಪರದೆಯ ಬಲ ಮೂಲೆಯ ಮೇಲ್ಗಡೆ ಒಂದು ಚುಕ್ಕೆ ಮಿನುಗುತ್ತಿತ್ತು. ಮೊದಲ ಚುಕ್ಕೆಗೆ ಎರಡನೇ ಪ್ರೊಜೆಕ್ಟರ್‌ನ ಮೋಟರ್ ಚಾಲೂ ಮಾಡಬೇಕು. ಇನ್ನೊಂದು ಚುಕ್ಕೆಗೆ ಅದರ ಬೆಳಕು ಬಿಡಬೇಕು. ಕೆಳಗೆ ಕೂತವರಿಗೆ ಏನೂ ಗೊತ್ತಾಗಬಾರದು. ಗೊತ್ತಾದರೆ ಶಿಳ್ಳೆ, ಬೈಗುಳ. "ನಮ್ಮ ಕೆಲಸ ಚೆನ್ನಾಗಾಗಿದೆ ಅಂದ್ರೆ ನಾವು ಇದ್ದೀವಿ ಅಂತಲೇ ಯಾರಿಗೂ ನೆನಪಾಗಬಾರದು" ಅನ್ನುತ್ತಿದ್ದರು.

1948ರಲ್ಲಿ ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್ ‘ರೋಪ್’ ತೆಗೆದಾಗ ಅವರನ್ನು ಕಾಡಿದ್ದೂ ಈ ರೀಲಿನ ಅಳತೆಯೇ. ಇಡೀ ಸಿನಿಮಾ ಕಟ್ ಇಲ್ಲದೆ ಹರಿಯಬೇಕು ಅನ್ನುವುದು ಅವರ ಆಸೆ. ಕ್ಯಾಮೆರಾದೊಳಗೆ ಹಿಡಿಸುವ ಫಿಲಂ ಹತ್ತು ನಿಮಿಷದ ಆಸುಪಾಸಿನದ್ದು. ಹಾಗಾಗಿ ಪಾತ್ರವೊಂದರ ಕೋಟಿನ ಬೆನ್ನಿಗೆ ಕ್ಯಾಮೆರಾ ತಾಗಿಸಿ, ಪರದೆ ಕಪ್ಪಾದಾಗ ರೀಲ್ ಬದಲಿಸಿ, ಅಲ್ಲಿಂದಲೇ ಮುಂದುವರಿಸಿದರು. ಥಿಯೇಟರ್‌ನಲ್ಲಿ ಪ್ರೊಜೆಕ್ಟರ್ ಬದಲಾಗುವ ಜಾಗಗಳಲ್ಲಿ ಮಾತ್ರ ಮುಚ್ಚುಮರೆಯಿಲ್ಲದೆ ಕಟ್ ಮಾಡಿದರು. ಕ್ಯಾಮೆರಾ ಬಂದಾಗ ಗೋಡೆಗಳು ಸರಿಯುತ್ತಿದ್ದವು, ಕುರ್ಚಿ ಮೇಜುಗಳನ್ನು ಆಳುಗಳು ಸದ್ದಿಲ್ಲದೆ ಎಳೆಯುತ್ತಿದ್ದರು. ಆಮೇಲೆ ಹಿಚ್‌ಕಾಕ್ ತಾವೇ ಅದನ್ನು ಒಂದು ಸ್ಟಂಟ್ ಅಂತ ಕರೆದುಕೊಂಡರು.

ಆದರೂ ಆ ಸಿನಿಮಾದಲ್ಲಿ ಒಂದು ದೃಶ್ಯವಿದೆ. ಇಬ್ಬರು ಯುವಕರು ಗೆಳೆಯನನ್ನು ಕೊಂದು ಪೆಟ್ಟಿಗೆಯಲ್ಲಿ ಹಾಕಿ, ಅದೇ ಪೆಟ್ಟಿಗೆ ಮೇಲೆ ಬಂದವರಿಗೆ ಊಟ ಬಡಿಸಿರುತ್ತಾರೆ. ಊಟವಾದ ಮೇಲೆ ಮನೆಗೆಲಸದಾಕೆ ಪೆಟ್ಟಿಗೆ ಮೇಲಿನ ತಟ್ಟೆಗಳನ್ನು ಒಂದೊಂದೇ ಎತ್ತಿಕೊಂಡು ಒಳಗಿಡುತ್ತಾಳೆ. ಕ್ಯಾಮೆರಾ ಕದಲುವುದಿಲ್ಲ. ಉಳಿದವರ ಮಾತು ಪಕ್ಕದಲ್ಲೆಲ್ಲೋ ಕೇಳುತ್ತಿರುತ್ತದೆ. ಆಕೆ ಹೋಗುತ್ತಾಳೆ, ಬರುತ್ತಾಳೆ, ಹೋಗುತ್ತಾಳೆ, ಬರುತ್ತಾಳೆ. ಇನ್ನು ಮುಚ್ಚಳ ಎತ್ತುವುದೊಂದೇ ಬಾಕಿ. ಇಲ್ಲಿ ಒಂದು ಕಟ್ ಹಾಕಿದ್ದರೂ ಎದೆ ಹಗುರಾಗುತ್ತಿತ್ತು. ಕಟ್ ಇಲ್ಲದಿರುವುದೇ ಇಲ್ಲಿ ಕತೆಯ ಕೆಲಸ ಮಾಡುತ್ತಿದೆ.

ಕಟ್ ಅಂದರೆ ಬರೀ ತುಂಡು ಮಾಡುವುದಲ್ಲ. ಬೇಡದ ಸಮಯವನ್ನು ಅದು ಎತ್ತಿ ಬಿಸಾಡುತ್ತದೆ. ದುರ್ಗದ ಬಸ್ ಸ್ಟ್ಯಾಂಡ್‌ನಿಂದ ಕೋಟೆಯ ತುದಿಗೆ ಒಂದೇ ಕಟ್‌ನಲ್ಲಿ ಹೋಗಬಹುದು. ಅದನ್ನು ಬಿಟ್ಟುಕೊಟ್ಟವನು ಪಾತ್ರ ನಡೆಯುವ ಪ್ರತಿ ಹೆಜ್ಜೆಯನ್ನೂ ತೋರಿಸಲೇಬೇಕು. ಬಾಗಿಲು ತೆಗೆಯುವುದು, ಚಪ್ಪಲಿ ಬಿಡುವುದು, ಮೆಟ್ಟಿಲು ಹತ್ತುವುದು, ಎಲ್ಲವೂ ಪರದೆ ಮೇಲೆ ಬರುತ್ತದೆ. ಆ ಖಾಲಿ ಹೊತ್ತನ್ನು ತುಂಬಲು ಬರಹಗಾರ ಹರಟೆ ಬರೆಯುತ್ತಾನೆ. ಕತೆ ತೆಳುವಾಗುವುದು ಇಲ್ಲಿಂದ. ಅದು ಪ್ರತಿಭೆಯ ಕೊರತೆ ಅಂತ ನನಗೆ ಅನ್ನಿಸುವುದಿಲ್ಲ, ಲೆಕ್ಕದ ತಪ್ಪು. ಒಂದೇ ಟೇಕ್‌ನಂತೆ ಕಾಣುವ, 2019ರ ಯುದ್ಧದ ಸಿನಿಮಾ ‘1917’ ಈ ಲೆಕ್ಕವನ್ನು ಜಾಣತನದಿಂದ ತಪ್ಪಿಸಿಕೊಂಡಿತು. ಇಬ್ಬರು ಸೈನಿಕರು ಬೆಳಗಾಗುವುದರೊಳಗೆ ಒಂದು ಸಂದೇಶ ಮುಟ್ಟಿಸಬೇಕು, ಇಲ್ಲದಿದ್ದರೆ ಸಾವಿರದ ಆರುನೂರು ಜನರ ಜೀವಕ್ಕೆ ಕುತ್ತು. ಅಲ್ಲಿ ನಡೆಯುವುದೇ ಕತೆ. ಒಂದು ಹೆಜ್ಜೆಯೂ ದಂಡ ಅನ್ನಿಸುವುದಿಲ್ಲ.

2025ರಲ್ಲಿ ಬಂದ ಬ್ರಿಟಿಷ್ ಸರಣಿ ‘ಅಡೋಲೆಸೆನ್ಸ್’ ಇನ್ನೂ ಒಳ್ಳೆ ಉದಾಹರಣೆ. ಒಂದೇ ಸರಣಿಯಲ್ಲಿ ಎರಡೂ ಬಗೆ ಸಿಗುತ್ತದೆ. ನಾಲ್ಕು ಕಂತು, ಒಂದೊಂದು ಕಂತೂ ಒಂದೊಂದು ಟೇಕ್. ಸಹಪಾಠಿಯನ್ನು ಕೊಂದ ಆರೋಪದ ಮೇಲೆ ಹದಿಮೂರರ ಹುಡುಗನನ್ನು ಪೊಲೀಸರು ಹಿಡಿಯುತ್ತಾರೆ. ಮೂರನೇ ಕಂತಿನ ಬಹುಪಾಲು ಒಂದು ಕೋಣೆಯಲ್ಲಿ ನಡೆಯುತ್ತದೆ. ಆ ಹುಡುಗ, ಎದುರಿಗೆ ಒಬ್ಬ ಮನಶ್ಶಾಸ್ತ್ರಜ್ಞೆ. ಎದ್ದು ಹೋಗಲು ಅವನಿಗೂ ಆಗುವುದಿಲ್ಲ, ನಮಗೂ ಆಗುವುದಿಲ್ಲ. ಅದು ಒಂದೇ ಟೇಕ್ ಅನ್ನುವುದು ನನಗೆ ಹತ್ತು ನಿಮಿಷಕ್ಕೇ ಮರೆತುಹೋಯಿತು. ಎರಡನೇ ಕಂತಿನ ಕೊನೆಯಲ್ಲಿ ಕ್ಯಾಮೆರಾವನ್ನು ಡ್ರೋನ್‌ಗೆ ಸಿಕ್ಕಿಸುತ್ತಾರೆ. ಅದು ಶಾಲೆಯಿಂದ ಹಾರಿ, ಊರಿನ ಮೇಲೆ ತೇಲಿ, ಕೊಲೆಯಾದ ಜಾಗದಲ್ಲಿ ಇಳಿಯುತ್ತದೆ. ಅಲ್ಲಿ ಹುಡುಗನ ಅಪ್ಪ ಹೂವು ಇಡುತ್ತಿದ್ದಾನೆ. ಎಂಥ ಗಳಿಗೆ ಅದು! ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ಡ್ರೋನಿನಿಂದ ಕ್ಯಾಮೆರಾ ಬಿಚ್ಚಿಕೊಂಡಿದ್ದು ಯಾರು, ಹೇಗೆ ಅನ್ನುವುದು. ಅಪ್ಪನ ಮುಖವನ್ನು ನಾನು ಎರಡನೇ ಸಲ ಹಾಕಿಕೊಂಡು ನೋಡಬೇಕಾಯಿತು. ಎಲ್ಲರಿಗೂ ಹೀಗೇ ಆಗಿರಬೇಕು ಅಂತಿಲ್ಲ. ನನ್ನ ಹೆಂಡತಿ ಅತ್ತಿದ್ದಳು.

ಹೊಸ ಕಸರತ್ತೇ ಬೇಡ ಅಂತ ನಾನು ಹೇಳಿದರೆ ದುರ್ಗದವರು ನನ್ನನ್ನು ಊರಿಗೆ ಸೇರಿಸುವುದಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ತೆಗೆದಿದ್ದು ಇದೇ ಕಲ್ಲುಗಳ ನಡುವೆ. ‘ಬಾರೆ ಬಾರೆ’ ಹಾಡನ್ನು ಅವರು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿದರು. ಸ್ಲೋ ಮೋಷನ್ ಅಂದರೆ ಕ್ಯಾಮೆರಾವನ್ನು ಜೋರಾಗಿ ಓಡಿಸುವುದು. ಸೆಕೆಂಡಿಗೆ 48 ಚಿತ್ರ ತೆಗೆದು ಎಂದಿನಂತೆ 24ರ ವೇಗದಲ್ಲಿ ತೋರಿಸಿದರೆ ಒಂದು ಸೆಕೆಂಡಿನ ಓಟ ಎರಡು ಸೆಕೆಂಡಾಗುತ್ತದೆ. ಆಗಿನ ನೋಡುಗರಿಗೆ ಇಡೀ ಹಾಡು ಹೀಗೆ ತೇಲುವುದು ಹೊಸತು. ಈಗ ಯೋಚಿಸಿ. ರಾಮಾಚಾರಿ ಹೇಗಿದ್ದ? ಸಿಡುಕ, ಮೂಗಿನ ತುದಿಯಲ್ಲಿ ಸಿಟ್ಟು, ಬಂಡೆಯಿಂದ ಬಂಡೆಗೆ ನುಗ್ಗುವವ. ಆ ಹುಡುಗ ಅಲಮೇಲು ಎದುರಿಗೆ ಬಂದಾಗ, ಅದೇ ಬಂಡೆಗಳ ಮೇಲೆ, ಮೊದಲ ಸಲ ನಿಧಾನವಾಗುತ್ತಾನೆ. ಅವನೊಳಗೆ ಆದದ್ದನ್ನು ಕ್ಯಾಮೆರಾದ ವೇಗ ಹೇಳಿತು. 2018ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಿಡುಗಡೆಯಾದಾಗಲೂ ಆ ಹಾಡು ಹಳತಾಗಿದೆ ಅನ್ನಿಸಲಿಲ್ಲ. ಆಮೇಲೆ ಬಂದ ನೂರಾರು ಸ್ಲೋ ಮೋಷನ್ ಹಾಡುಗಳು ಎಲ್ಲಿ ಹೋದವೋ.

‘ಪುಷ್ಪಕ ವಿಮಾನ’ವನ್ನೂ ಇಲ್ಲಿ ನೆನೆಯಬೇಕು. 1987ರ ಸಿನಿಮಾ, ಸಿಂಗೀತಂ ಶ್ರೀನಿವಾಸರಾವ್ ಅವರದು. ಒಂದೂ ಮಾತಿಲ್ಲ. ಕೆಲಸವಿಲ್ಲದ ಯುವಕ ಕುಡುಕ ಶ್ರೀಮಂತನೊಬ್ಬನನ್ನು ಅಡಗಿಸಿಟ್ಟು ಅವನ ಹೋಟೆಲ್ ರೂಮಿನಲ್ಲಿ ಅವನಂತೆ ಬದುಕುತ್ತಾನೆ. ಮೆತ್ತನೆ ಹಾಸಿಗೆ, ಸದ್ದಿಲ್ಲದ ಕೋಣೆ, ಆದರೆ ನಿದ್ದೆ ಬರುವುದಿಲ್ಲ. ಅವನ ಹಳೇ ವಠಾರದ ಪಕ್ಕ ಒಂದು ಟಾಕೀಸ್ ಇತ್ತು, ಆ ಗಲಾಟೆಯಲ್ಲೇ ಮಲಗಿ ಅಭ್ಯಾಸ. ಹೋಗಿ ಆ ಸದ್ದನ್ನು ಟೇಪಿನಲ್ಲಿ ತುಂಬಿಸಿಕೊಂಡು ಬಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ದೊಡ್ಡಪ್ಪನಿಗೆ ಈ ದೃಶ್ಯ ಅಂದರೆ ಪ್ರಾಣ. ಬಡತನ ಬಿಟ್ಟರೂ ಅದರ ಅಭ್ಯಾಸ ಬಿಡುವುದಿಲ್ಲ ಅನ್ನುವುದನ್ನು ಮಾತಿನಲ್ಲಿ ಹೇಳಿದ್ದರೆ ಉಪದೇಶವಾಗುತ್ತಿತ್ತು. ಕದ್ದು ಬದುಕುವವನು ಬಾಯಿ ಮುಚ್ಚಿಕೊಂಡಿರುವುದು ಸಹಜ ಕೂಡ. ಸಿನಿಮಾಕ್ಕೆ ಹಾಕಿಕೊಂಡ ಕಟ್ಟುಪಾಡು ಪಾತ್ರದ ಬದುಕಿನ ಕಟ್ಟುಪಾಡೂ ಆಯಿತು.

ಇನ್ನೊಂದು ದಾರಿಯೂ ಇದೆ. ಅದನ್ನು ಹಿಡಿದವರು ಉಪೇಂದ್ರ. 1998ರ ‘ಎ’ ಕತೆಯನ್ನು ಹಿಂದುಮುಂದಾಗಿ ಹೇಳಿತು. ಜನ ತಲೆ ಕೆರೆದುಕೊಂಡರು, ಅರ್ಥ ಮಾಡಿಕೊಳ್ಳಲು ಮತ್ತೆ ಟಿಕೆಟ್ ತೆಗೆದುಕೊಂಡರು. ಅಲ್ಲಿ ಕಸರತ್ತು ಕಣ್ಣಿಗೆ ಹೊಡೆಯುವಷ್ಟು ಎದ್ದು ಕಾಣುತ್ತಿತ್ತು. ಆದರೂ ಯಾಕೆ ದಕ್ಕಿತು? ಬಿಡಿಸಿಟ್ಟರೆ ಒಳಗಿರುವುದು ಒಬ್ಬ ನಿರ್ದೇಶಕ, ಒಬ್ಬ ನಟಿ, ಕೈತಪ್ಪಿದ ಪ್ರೀತಿ. ಹಳೆಯ, ಎಲ್ಲರಿಗೂ ಗೊತ್ತಿರುವ ಕತೆ. 2013ರ ‘ಲೂಸಿಯಾ’ದಲ್ಲೂ ಹಾಗೇ. ಜನರಿಂದಲೇ ಹಣ ಸೇರಿಸಿ ಪವನ್ ಕುಮಾರ್ ಮಾಡಿದ ಸಿನಿಮಾ. ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನೊಬ್ಬನಿಗೆ ತಾನು ಸ್ಟಾರ್ ಆದಂತೆ ಕನಸು. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಯಾವುದು ಕನಸು, ಯಾವುದು ನಿಜ ಅಂತ ಸಿಕ್ಕಾಗುವ ಹೊತ್ತಿಗೆ ಆ ಹುಡುಗ ನಮಗೆ ಪರಿಚಯದವನಾಗಿಬಿಟ್ಟಿರುತ್ತಾನೆ.

ಇಲ್ಲಿಗೆ ನನಗೆ ಕಂಪನಿ ನಾಟಕ ನೆನಪಾಗುತ್ತದೆ. ದಾವಣಗೆರೆಗೆ ಅದು ಮನೆಯ ಮಾತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇದ್ದ ಊರಿದು. ಇನ್ನೂ ಹಿಂದೆ ಹೋದರೆ, ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಜನ ಆನೆ ನೋಡಲೆಂದೇ ಗಾಡಿ ಕಟ್ಟಿಕೊಂಡು ಬಂದರು. ಆನೆ ಬಂದಾಗ ಕತೆ ಮರೆಯಾಗಲಿಲ್ಲವೇ? ಇಲ್ಲ. ಮಹಾಭಾರತದ ಕತೆ ಗೊತ್ತಿಲ್ಲದವರು ಆ ಡೇರೆಯೊಳಗೆ ಯಾರಿದ್ದರು? ಕತೆ ಹಿಂಬಾಲಿಸುವ ಕೆಲಸವೇ ಇರಲಿಲ್ಲ, ಹಾಗಾಗಿ ಕಣ್ಣು ಆನೆ ಮೇಲೆ ಇಡಲು ಬಿಡುವಿತ್ತು. 2002ರ ‘ರಷ್ಯನ್ ಆರ್ಕ್’ ನೋಡುವಾಗಲೂ ನನಗೆ ಇದೇ ಅನ್ನಿಸಿದ್ದು. ಅಲೆಕ್ಸಾಂಡರ್ ಸೊಕುರೊವ್ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಅರಮನೆಯಲ್ಲಿ 33 ಕೋಣೆ ಸುತ್ತಿಸಿ, ತೊಂಬತ್ತು ನಿಮಿಷಕ್ಕೂ ಮೀರಿದ ಸಿನಿಮಾವನ್ನು ನಿಜವಾಗಿಯೂ ಒಂದೇ ಟೇಕ್‌ನಲ್ಲಿ ತೆಗೆದರು. ಮೂರು ಸಲ ಕೆಟ್ಟು ನಾಲ್ಕನೇ ಸಲ ದಕ್ಕಿತು. ಅದರಲ್ಲಿ ಕತೆ ಅನ್ನುವಂಥದ್ದು ಇಲ್ಲವೇ ಇಲ್ಲ. ಇರುವುದು ರಷ್ಯಾದ ಮುನ್ನೂರು ವರ್ಷದ ಚರಿತ್ರೆ, ಅಲ್ಲಿನವರು ಶಾಲೆಯಲ್ಲೇ ಓದಿರುವಂಥದ್ದು. ಇಲ್ಲದ ಕತೆಯನ್ನು ಕ್ಯಾಮೆರಾ ಮುಚ್ಚಿಹಾಕಿತು ಅಂತ ದೂರುವುದು ಹೇಗೆ?

ಹಾಗಾಗಿ ನನ್ನ ತಕರಾರು ಇಷ್ಟೇ. ಗೊತ್ತಿರುವ ಕತೆಗೆ ಎಂಥ ಹೊಸ ವೇಷ ಹಾಕಿದರೂ ನೋಡುಗ ಹೊರುತ್ತಾನೆ. ಹೊಸ ಕತೆಯನ್ನು ನೇರವಾಗಿ ಹೇಳಿದರೂ ಹೊರುತ್ತಾನೆ. ಕತೆಯೂ ಗೋಜಲು, ಹೇಳುವ ಬಗೆಯೂ ಗೋಜಲು ಆದಾಗ ಅವನು ಯಾವುದೋ ಒಂದನ್ನು ಕೆಳಗಿಡುತ್ತಾನೆ. ಇಡುವುದು ಕತೆಯನ್ನೇ. ಕಣ್ಣೆದುರು ಕುಣಿಯುತ್ತಿರುವುದನ್ನು ಬಿಟ್ಟು ಡೈಲಾಗಿನ ಮೂಲೆಯಲ್ಲಿ ಸಿಕ್ಕಿಕೊಂಡಿರುವುದನ್ನು ಯಾರು ಹುಡುಕುತ್ತಾರೆ?

ನಮ್ಮ ಹಿಂದಿನವರಿಗೂ ಈ ತಲೆನೋವು ಇತ್ತು. ಒಂಬತ್ತನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ ಬರೆದಾಗ, ಕವಿಗಳ ನಡುವೆ ಯಮಕದ ಹುಚ್ಚು ಇತ್ತು. ಒಂದೇ ಅಕ್ಷರಗುಂಪು ಬೇರೆ ಬೇರೆ ಅರ್ಥದಲ್ಲಿ ಮತ್ತೆ ಮತ್ತೆ ಬರಬೇಕು, ಅದಕ್ಕೆ ಪದ ಹುಡುಕುವುದೇ ದೊಡ್ಡ ಕೆಲಸ. ಪದ್ಯವನ್ನು ತಾವರೆಯ ಆಕಾರದಲ್ಲಿ ಜೋಡಿಸುವ ಆಟವೂ ಇತ್ತು. ಆನಂದವರ್ಧನ ಅಲಂಕಾರ ಬೇಡ ಅನ್ನಲಿಲ್ಲ. ಬೇರೆ ಪ್ರಯತ್ನ ಬೇಡದೆ, ಭಾವದ ಜೊತೆಗೇ ಹುಟ್ಟಿ ಬರುವ ಅಲಂಕಾರ ಇರಲಿ ಅಂದ. ಪ್ರತ್ಯೇಕವಾಗಿ ಕೂತು ಬೆವರು ಸುರಿಸಿ ಕೂರಿಸಬೇಕಾದ ಯಮಕವನ್ನು ಶೃಂಗಾರದ ನಡುವೆ ತರುವುದು ಕವಿಯ ಎಚ್ಚರಗೇಡಿತನ ಅಂದ. ತಾವರೆ ಪದ್ಯಗಳನ್ನಂತೂ ಕಾವ್ಯದ ಅನುಕರಣೆ ಅಂತ ಪಕ್ಕಕ್ಕಿಟ್ಟ. ಯಮಕ ಅನ್ನುವ ಕಡೆ ಡ್ರೋನ್ ಶಾಟ್ ಅಂತ ಓದಿಕೊಂಡರೆ ಇವತ್ತಿನ ವಿಮರ್ಶೆಯೇ.

ಸಿಂಗಲ್ ಟೇಕ್‌ಗೆ ತದ್ವಿರುದ್ಧವಾದ ಕಾಯಿಲೆಯೂ ಒಂದಿದೆ, ಕಣ್ಣು ಮಿಟುಕಿಸುವುದರೊಳಗೆ ನಾಲ್ಕು ಕಟ್. ಅಮೆರಿಕದ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ ಹಾಲಿವುಡ್ ಸಿನಿಮಾಗಳ ಶಾಟ್‌ಗಳನ್ನು, ಅಂದರೆ ಒಂದು ಕಟ್‌ನಿಂದ ಇನ್ನೊಂದು ಕಟ್‌ವರೆಗಿನ ತುಣುಕುಗಳನ್ನು, ಎಣಿಸಿ ನೋಡಿದ್ದರು. 1930ರಿಂದ 1960ರವರೆಗೆ ಒಂದು ಶಾಟ್ ಸರಾಸರಿ 8ರಿಂದ 11 ಸೆಕೆಂಡ್ ಇರುತ್ತಿತ್ತು. ಶತಮಾನ ಮುಗಿಯುವ ಹೊತ್ತಿಗೆ ಅದು 3ರಿಂದ 6 ಸೆಕೆಂಡಿಗೆ ಇಳಿಯಿತು. ಫೋನಿನಲ್ಲಿ ರೀಲ್ಸ್ ಬಂದ ಮೇಲೆ ಏನಾಗಿದೆ ಅಂತ ಹೇಳಲು ಎಣಿಸುವುದೇ ಬೇಡ. ತೆಗೆಯುವಾಗಷ್ಟೇ ಅಲ್ಲ, ತೋರಿಸುವಾಗಲೂ ಸೆಕೆಂಡಿಗೆ 24ಕ್ಕಿಂತ ಹೆಚ್ಚು ಚಿತ್ರ ಓಡಿಸುವ ಪ್ರಯೋಗವೂ ಹೀಗೇ ತಿರುಗುಬಾಣವಾಯಿತು. 2012ರ ‘ಹಾಬಿಟ್’ ಸೆಕೆಂಡಿಗೆ 48 ಚಿತ್ರದಲ್ಲಿ, 2016ರಲ್ಲಿ ಆಂಗ್ ಲೀ ಅವರ ಸಿನಿಮಾ 120ರಲ್ಲಿ ಬಂತು. ಎಲ್ಲ ಎಷ್ಟು ನಿಚ್ಚಳವಾಗಿ ಕಂಡಿತೆಂದರೆ ಕಾಡು ಕಾಡಾಗಿರದೆ ಸೆಟ್ ಅಂತ ಗೊತ್ತಾಗತೊಡಗಿತು, ಟಿ.ವಿ. ಧಾರಾವಾಹಿ ನೋಡಿದ ಹಾಗಿದೆ ಅಂತ ಜನ ಮೂಗು ಮುರಿದರು.

ಇಷ್ಟಾದರೂ ಸೋತ ಪ್ರಯೋಗಗಳ ಮೇಲೆ ನನಗೆ ಸಿಟ್ಟಿಲ್ಲ. ಪುಟ್ಟಣ್ಣನವರ ಸ್ಲೋ ಮೋಷನ್ ಕೂಡ ಅದಕ್ಕೂ ಮೊದಲು ಎಲ್ಲೆಲ್ಲೋ ಸೋತವರ ಮೇಲೆ ನಿಂತಿದ್ದು. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ನೋಡುವಷ್ಟು ತಾಳ್ಮೆ ಥಿಯೇಟರ್‌ಗಳಲ್ಲಿ ಹೆಚ್ಚು ಜನಕ್ಕೆ ಇರಲಿಲ್ಲ. ಆಮೇಲೆ ಅದೇ ಸಿನಿಮಾವನ್ನು ಹುಡುಕಿಕೊಂಡು ನೋಡಿದರು. ಕತೆ ಮುಚ್ಚಿಹೋಗಿದೆ ಅಂತ ನಾವು ಅವಸರದಲ್ಲಿ ಹೇಳುವುದೂ ಉಂಟು. ಎರಡನೇ ಸಲ ನೋಡಿದಾಗ ಕತೆ ಸಿಕ್ಕರೆ ತಪ್ಪು ನಮ್ಮದು. ಎರಡನೇ ಸಲವೂ ಬರೀ ಕ್ಯಾಮೆರಾ ಕಂಡರೆ ಅವರದು.

ಅಕ್ಕನ ಮಗನಿಗೆ ಇದಷ್ಟನ್ನೂ ಹೇಳಲಿಲ್ಲ, ಹೇಳಿದ್ದರೆ ಫೋನ್ ಇಟ್ಟುಬಿಡುತ್ತಿದ್ದ. ಹೋದ ಭಾನುವಾರ ದುರ್ಗಕ್ಕೆ ಹೋಗಿದ್ದೆ. ಇಬ್ಬರೂ ಕೋಟೆ ಹತ್ತಿದೆವು. ಎರಡನೇ ಬಾಗಿಲ ಹತ್ತಿರ ನನಗೆ ಏದುಸಿರು ಬಂತು, ಕಲ್ಲಿನ ಮೇಲೆ ಕೂತೆ.

"ಕಟ್ ಮಾಡು ಅಂತೀಯಾ?" ಅಂದ.

"ಬೇಡ. ಆದರೆ ಅವನು ಹತ್ತುವಾಗ ನಾನು ಏನನ್ನ ಕಾಯಬೇಕು ಹೇಳು. ಬರೀ ಬೆನ್ನು ನೋಡ್ತಾ ಎಷ್ಟು ಹೊತ್ತು ಕೂರಲಿ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಹುಡುಗನ ಜೇಬಿನಲ್ಲಿ ಗೆಳೆಯನ ಫೋನ್ ಇದ್ದರೆ ಹೇಗೆ ಅಂದ. ಅದು ದಾರಿಯುದ್ದಕ್ಕೂ ಬಡಕೊಳ್ಳುತ್ತಿರಬೇಕು. ಅವನು ತೆಗೆದು ನೋಡುತ್ತಾನೆ, ಎತ್ತುವುದಿಲ್ಲ, ಮತ್ತೆ ಜೇಬಿಗೆ ಹಾಕುತ್ತಾನೆ. ಮೇಲೆ ಹೋಗುವಷ್ಟರಲ್ಲಿ ಆರು ಸಲ ಬಡಕೊಂಡಿರುತ್ತದೆ.

"ಯಾರ ಫೋನ್ ಬರ್ತಿರೋದು?" ಅಂದೆ.

"ಗೊತ್ತಿಲ್ಲ ಮಾವ, ಇನ್ನೂ ಯೋಚನೆ ಮಾಡಬೇಕು. ಆದ್ರೆ ಒಂದು ತೊಂದರೆ. ಬಂಡೆ ಆ ಕಡೆಗೆ ಹೋದ್ರೆ ನೆಟ್‌ವರ್ಕೇ ಸಿಗಲ್ಲ. ಯಾರು ಫೋನ್ ಮಾಡಿದ್ರೂ ರಿಂಗಾಗಲ್ಲ."

"ಅಲಾರಂ ಇಡಪ್ಪ" ಅಂದೆ.